ಖಾಲಿ ಹೊಟ್ಟೆಯ ಗ್ಯಾಸ್ ಮಾತ್ರೆಗೆ ಬೆನ್ನಲ್ಲೇ ತಿಂಡಿಯೂ ಬೇಕು

ಮಾನ್ಯ ಸಂಪಾದಕರೇ,

ಎದೆಯುರಿ, ಹುಳಿತೇಗು, ಹೊಟ್ಟೆಯುಬ್ಬರ, ವಾಕರಿಕೆ ಇವೆಲ್ಲಕ್ಕೂ ನಮ್ಮಲ್ಲಿ ಇರುವುದು ಒಂದೇ ಹೆಸರು, ಗ್ಯಾಸ್ಟ್ರಿಕ್. ಮದ್ದೂ ಒಂದೇ, ಗ್ಯಾಸ್ ಮಾತ್ರೆ. ಪ್ಯಾಂಟೊಪ್ರಜೋಲ್, ಒಮೆಪ್ರಜೋಲ್, ರಾಬೆಪ್ರಜೋಲ್ ಇತ್ಯಾದಿ ಮಾತ್ರೆಗಳನ್ನು ವೈದ್ಯರ ಚೀಟಿಯಿದ್ದರೆ ಮಾತ್ರ ಕೊಡಬೇಕೆಂದು ಕಾನೂನು ಹೇಳಿದರೂ ಮೆಡಿಕಲ್ ಶಾಪ್‌ನಲ್ಲಿ ಕೇಳಿದವರಿಗೆಲ್ಲ ಅವು ಸಿಗುತ್ತವೆ. ಪತ್ರಿಕೆಗಳ ಆರೋಗ್ಯ ಅಂಕಣಗಳಲ್ಲೂ ಸಲಹೆ ‘ಬೆಳಿಗ್ಗೆ ಖಾಲಿ ಹೊಟ್ಟೆಗೆ ಒಂದು’ ಎನ್ನುವಲ್ಲಿಗೆ ನಿಂತುಬಿಡುತ್ತದೆ. ಇದು ಅರ್ಧ ಸೂಚನೆ. ಉಳಿದರ್ಧ ಗೊತ್ತಿಲ್ಲದೆ ತಿಂಗಳುಗಟ್ಟಲೆ ಮಾತ್ರೆ ನುಂಗಿ ಗುಣ ಕಾಣದವರಿದ್ದಾರೆ. ಬಿಡಲು ಹೋಗಿ ಉರಿ ಇಮ್ಮಡಿಯಾಗಿ, ಇನ್ನು ಇದು ಜೀವನಪೂರ್ತಿ ಬೇಕೇ ಬೇಕು ಎಂದು ನಂಬಿದವರೂ ಇದ್ದಾರೆ. ಜಠರಕ್ಕೆ ‘ಆಮ್ಲ ಸುರಿ’ ಎಂದೂ ‘ಸಾಕು, ನಿಲ್ಲಿಸು’ ಎಂದೂ ಹೇಳುವ ರಾಸಾಯನಿಕ ದೂತರನ್ನು ಅರಿತರೆ ಈ ಎರಡೂ ತೊಡಕುಗಳು ತಿಳಿಯಾಗುತ್ತವೆ. ಅದಕ್ಕಾಗಿ ಈ ದೀರ್ಘ ಪತ್ರ.

ಆರೋಗ್ಯವಂತ ವಯಸ್ಕರ ಜಠರ ದಿನಕ್ಕೆ ಸುಮಾರು 2 ಲೀಟರ್ ರಸ ಒಸರಿಸುತ್ತದೆ. ಹುಳಿಯನ್ನು ಅಳೆಯುವ ಮಾಪನ ಪಿಎಚ್, ಅದರ ಅಂಕಿ ಇಳಿದಷ್ಟೂ ಹುಳಿ ಹೆಚ್ಚು. ಕೋಶದಿಂದ ಆಗತಾನೇ ಹೊರಬಂದ ಆಮ್ಲದ ಪಿಎಚ್ 1ರ ಆಸುಪಾಸು, ರಕ್ತದ್ದು 7.4. ಎಂದರೆ ರಕ್ತದಲ್ಲಿರುವುದಕ್ಕಿಂತ ಹತ್ತು ಲಕ್ಷ ಪಟ್ಟಿಗೂ ಮಿಕ್ಕಿ ಹೈಡ್ರೋಜನ್ ಅಯಾನುಗಳನ್ನು ಒಂದೇ ಕಡೆ ಒಟ್ಟುಗೂಡಿಸುವ ಕೆಲಸ ಅಲ್ಲಿ ನಡೆಯುತ್ತದೆ. ಜಠರದ ಮೇಲ್ಭಾಗ ಮತ್ತು ನಡುಭಾಗದ ಒಳಪೊರೆಯಲ್ಲಿರುವ ಪರೈಟಲ್ ಕೋಶಗಳು ಇದನ್ನು ಮಾಡುತ್ತವೆ. ಅವುಗಳಲ್ಲಿರುವ ‘ಪ್ರೋಟಾನ್ ಪಂಪ್’ ಎಂಬ ಪ್ರೋಟೀನು ಪೊಟ್ಯಾಸಿಯಂ ಅನ್ನು ಒಳಗೆಳೆದುಕೊಂಡು ಹೈಡ್ರೋಜನ್ ಅಯಾನನ್ನು ಹೊರದೂಡುತ್ತದೆ. ಹೊಟ್ಟೆ ಖಾಲಿಯಿದ್ದು ಯಾವ ಕರೆಯೂ ಬಾರದಿದ್ದಾಗ ಬಹುಪಾಲು ಪಂಪ್‌ಗಳು ಕೋಶದೊಳಗಿನ ಪುಟ್ಟ ಚೀಲಗಳಲ್ಲಿ ಸುಮ್ಮನೆ ಕುಳಿತಿರುತ್ತವೆ. ಕರೆ ಬಂದ ಕೆಲವೇ ನಿಮಿಷಗಳಲ್ಲಿ ಆ ಚೀಲಗಳು ಕೋಶದ ಅಂಚಿನ ಕಾಲುವೆಗಳಿಗೆ ಬಂದು ಬೆಸೆದುಕೊಳ್ಳುತ್ತವೆ, ಪಂಪ್ ಚಾಲೂ ಆಗುತ್ತದೆ. ಓದುಗರು ಈ ವಿವರವನ್ನು ನೆನಪಿಟ್ಟುಕೊಳ್ಳಬೇಕು. ಮಾತ್ರೆಯನ್ನು ಯಾವ ಹೊತ್ತಿಗೆ ನುಂಗಬೇಕೆಂಬುದು ಇದರ ಮೇಲೆಯೇ ನಿಂತಿದೆ.

ಕರೆಯುವ ದೂತರು ಮುಖ್ಯವಾಗಿ ಮೂವರು. ಒಗ್ಗರಣೆಯ ಘಮ ಮೂಗಿಗೆ ಬಡಿದಾಗ, ತುತ್ತು ಬಾಯಲ್ಲಿರುವಾಗ ಮಿದುಳಿನಿಂದ ವೇಗಸ್ ನರದ ಮೂಲಕ ಬರುವ ಕರೆ ಮೊದಲನೆಯದು. ನರದ ತುದಿಯಲ್ಲಿ ಅಸಿಟೈಲ್‌ಕೋಲಿನ್ ಬಿಡುಗಡೆಯಾಗಿ ಪರೈಟಲ್ ಕೋಶವನ್ನು ನೇರವಾಗಿ ತಟ್ಟುತ್ತದೆ. ಒಂದು ಊಟಕ್ಕೆ ಸುರಿಯುವ ಆಮ್ಲದಲ್ಲಿ ಹತ್ತಿರ ಹತ್ತಿರ ಶೇ 30ರಷ್ಟು ಹೀಗೆ ಅನ್ನ ಹೊಟ್ಟೆ ಸೇರುವ ಮುಂಚೆಯೇ ಶುರುವಾಗುವಂಥದ್ದು. ಎರಡನೆಯದು ಗ್ಯಾಸ್ಟ್ರಿನ್. ಜಠರದ ಕೆಳತುದಿಯಾದ ಆಂಟ್ರಮ್‌ನಲ್ಲಿ ಜಿ ಕೋಶಗಳಿವೆ. ಬೇಳೆ, ಮೊಟ್ಟೆ, ಮಾಂಸ, ಹಾಲಿನ ಪ್ರೋಟೀನು ಅರೆ ಜೀರ್ಣವಾಗಿ ಒಡೆದ ಚೂರುಗಳು ಸೋಕಿದಾಗ, ಜಠರ ಹಿಗ್ಗಿದಾಗ ಮತ್ತು ವೇಗಸ್ ನರ ಪ್ರಚೋದಿಸಿದಾಗ ಇವು ಗ್ಯಾಸ್ಟ್ರಿನ್ ಸುರಿಸುತ್ತವೆ. ಆದರೆ ಗ್ಯಾಸ್ಟ್ರಿನ್ ಜಠರದೊಳಗೆ ನೇರವಾಗಿ ಹರಿಯುವುದಿಲ್ಲ. ಅದು ರಕ್ತಕ್ಕೆ ಸೇರಿ, ಮೈಯೆಲ್ಲ ಒಂದು ಸುತ್ತು ಹಾಕಿ, ಮತ್ತೆ ಜಠರದ ಮೇಲ್ಭಾಗಕ್ಕೇ ಬರುತ್ತದೆ. ಹಾರ್ಮೋನು ಎನ್ನುವುದು ಇದಕ್ಕೇ.

ಮೇಲ್ಭಾಗಕ್ಕೆ ಬಂದ ಗ್ಯಾಸ್ಟ್ರಿನ್ ತನ್ನ ಕೆಲಸವನ್ನು ಹೆಚ್ಚಾಗಿ ಇನ್ನೊಬ್ಬರ ಕೈಯಲ್ಲಿ ಮಾಡಿಸುತ್ತದೆ. ಪರೈಟಲ್ ಕೋಶಗಳ ಮಗ್ಗುಲಲ್ಲೇ ಇಸಿಎಲ್ ಕೋಶಗಳೆಂಬ ಚಿಕ್ಕ ಕೋಶಗಳಿವೆ. ಗ್ಯಾಸ್ಟ್ರಿನ್ ಅವನ್ನು ತಟ್ಟಿದರೆ ಮೂರನೆಯ ದೂತನಾದ ಹಿಸ್ಟಮಿನ್ ಹೊರಬರುತ್ತದೆ. ಆ ಹಿಸ್ಟಮಿನ್ ಪಕ್ಕದ ಪರೈಟಲ್ ಕೋಶದ ಎಚ್2 ಗ್ರಾಹಕಕ್ಕೆ (ದೂತನ ಕರೆಯನ್ನು ಸ್ವೀಕರಿಸುವ ರಿಸೆಪ್ಟರ್) ಅಂಟಿ ಪಂಪ್‌ಗಳನ್ನು ಹೊರಗೆಳೆಯುತ್ತದೆ. ಈ ಮೂರು ದೂತರು ಒಟ್ಟಿಗೆ ಬಂದಾಗ ಅವರ ಬಲ ಕೂಡಿಕೆಯ ಲೆಕ್ಕಕ್ಕಿಂತ ಬಹಳ ಹೆಚ್ಚು. ಆದ್ದರಿಂದಲೇ ಹಿಸ್ಟಮಿನ್ ಒಂದನ್ನೇ ತಡೆದರೂ ಮಿಕ್ಕಿಬ್ಬರ ಅಬ್ಬರ ತಗ್ಗುತ್ತದೆ.

ಇಷ್ಟನ್ನು ಬಿಡಿಸಿ ತಿಳಿಯಲು ವಿಜ್ಞಾನಿಗಳಿಗೆ ಮುಕ್ಕಾಲು ಶತಮಾನ ಬೇಕಾಯಿತು. ಆಂಟ್ರಮ್‌ನ ಸಾರ ಚುಚ್ಚಿದರೆ ಆಮ್ಲ ಸುರಿಯುತ್ತದೆಂದು 1905ರಲ್ಲಿ ಲಂಡನ್ನಿನ ಜಾನ್ ಎಡ್ಕಿನ್ಸ್ ತೋರಿಸಿ, ಆ ಸಾರದಲ್ಲಿರುವ ವಸ್ತುವಿಗೆ ಗ್ಯಾಸ್ಟ್ರಿನ್ ಎಂದು ಹೆಸರಿಟ್ಟರು. ಆಮೇಲೆ ಹಿಸ್ಟಮಿನ್ ಚುಚ್ಚಿದರೂ ಆಮ್ಲ ಧಾರಾಳವಾಗಿ ಬರುತ್ತದೆಂದು ಪೋಲೆಂಡಿನ ವಿಜ್ಞಾನಿ ಪೊಪಿಯೆಲ್ಸ್ಕಿ ಕಂಡುಕೊಂಡರು. ಹಿಸ್ಟಮಿನ್ ಬಹುತೇಕ ಎಲ್ಲ ಅಂಗಾಂಶಗಳಲ್ಲೂ ಇರುವುದರಿಂದ, ಎಡ್ಕಿನ್ಸ್ ಕಂಡದ್ದು ಬರೀ ಹಿಸ್ಟಮಿನ್ ಬೆರಕೆ, ಗ್ಯಾಸ್ಟ್ರಿನ್ ಎಂಬುದೇ ಇಲ್ಲ ಎಂದು ಬಹುಕಾಲ ಅನೇಕರು ನಂಬಿದ್ದರು. 1964ರಲ್ಲಿ ಲಿವರ್‌ಪೂಲಿನ ರಾಡ್ ಗ್ರೆಗರಿ ಮತ್ತು ಹಿಲ್ಡಾ ಟ್ರೇಸಿ ಹಂದಿಯ ಆಂಟ್ರಮ್‌ನಿಂದ ಅಪ್ಪಟ ಗ್ಯಾಸ್ಟ್ರಿನ್ ಬೇರ್ಪಡಿಸಿದ ಮೇಲೆ ಎಡ್ಕಿನ್ಸ್ ಮಾತು ಉಳಿಯಿತು. ಇನ್ನೊಂದು ಒಗಟು ಹಿಸ್ಟಮಿನ್‌ದು. ನೆಗಡಿ, ತುರಿಕೆಗೆ ಕೊಡುತ್ತಿದ್ದ ಹಿಸ್ಟಮಿನ್-ವಿರೋಧಿ ಮದ್ದುಗಳು ಜಠರದ ಆಮ್ಲವನ್ನು ಒಂದಿಷ್ಟೂ ತಗ್ಗಿಸುತ್ತಿರಲಿಲ್ಲ. ಇಂದಿನ ಸೆಟ್ರಿಜಿನ್ ಕೂಡ ತಗ್ಗಿಸದು. ಹಾಗಾದರೆ ಜಠರದಲ್ಲಿರುವ ಗ್ರಾಹಕ ಬೇರೆಯೇ ಇರಬೇಕೆಂದು ಹಟ ಹಿಡಿದು ಹುಡುಕಿದ ಜೇಮ್ಸ್ ಬ್ಲ್ಯಾಕ್ 1972ರಲ್ಲಿ ಎಚ್2 ಗ್ರಾಹಕವನ್ನು ಸಾಬೀತುಪಡಿಸಿದರು. 1976ರಲ್ಲಿ ಬ್ರಿಟನ್ನಿನ ಮಾರುಕಟ್ಟೆಗೆ ಆ ಗ್ರಾಹಕವನ್ನು ತಡೆಯುವ ಮದ್ದು ಸಿಮೆಟಿಡಿನ್ ಬಂತು. 1988ರಲ್ಲಿ ಅವರು ನೊಬೆಲ್ ಹಂಚಿಕೊಂಡರು. ಅದಕ್ಕೂ ಮುಂಚೆ ಹುಣ್ಣಿನ ರೋಗಿಗಳಿಗೆ ವೇಗಸ್ ನರ ಕತ್ತರಿಸುವುದು, ಆಂಟ್ರಮ್ ಕೊಯ್ದು ತೆಗೆಯುವುದು ಮಾಮೂಲಿಯಾಗಿತ್ತು. ಒಂದು ದೂತನನ್ನು ಸುಮ್ಮನಾಗಿಸಲು ಹೊಟ್ಟೆಯನ್ನೇ ಬಿಚ್ಚಬೇಕಿದ್ದ ಕಾಲ ಅದು.

ಇನ್ನು ತಡೆ ಹಾಕುವ ಕಡೆ. ಇಲ್ಲಿ ಮುಖ್ಯ ಹೆಸರು ಸೊಮ್ಯಾಟೊಸ್ಟ್ಯಾಟಿನ್. ಜಿ ಕೋಶಗಳ ನೆರೆಯಲ್ಲೇ ಡಿ ಕೋಶಗಳಿವೆ, ಅವು ಜಠರದೊಳಗಿನ ಹುಳಿಯನ್ನು ಅಳೆಯುತ್ತಿರುತ್ತವೆ. ಪಿಎಚ್ 3ಕ್ಕಿಂತ ಕೆಳಗಿಳಿದರೆ ಸೊಮ್ಯಾಟೊಸ್ಟ್ಯಾಟಿನ್ ಬಿಟ್ಟು ಗ್ಯಾಸ್ಟ್ರಿನ್ ಅನ್ನು ತಡೆಯುತ್ತವೆ. ಮೇಲ್ಭಾಗದ ಡಿ ಕೋಶಗಳು ಹಿಸ್ಟಮಿನ್‌ಗೂ ಪರೈಟಲ್ ಕೋಶಕ್ಕೂ ಕಡಿವಾಣ ಹಾಕುತ್ತವೆ. ಊಟದ ಹೊತ್ತಿನಲ್ಲಿ ನಡೆಯುವುದನ್ನು ಗಮನಿಸಿ. ಅನ್ನ, ಸಾರು, ಪಲ್ಯ ಒಳಗೆ ಬಿದ್ದೊಡನೆ ಇದ್ದ ಆಮ್ಲವನ್ನು ಆಹಾರ ಹೀರಿಕೊಂಡು ಪಿಎಚ್ ಮೇಲೇರುತ್ತದೆ. ಡಿ ಕೋಶದ ತಡೆ ಸಡಿಲವಾಗುತ್ತದೆ, ಗ್ಯಾಸ್ಟ್ರಿನ್ ಹರಿಯುತ್ತದೆ, ಆಮ್ಲ ಸುರಿಯುತ್ತದೆ. ಆಹಾರ ಕರುಳಿಗೆ ಇಳಿಯುತ್ತಿದ್ದಂತೆ ಹೀರಿಕೊಳ್ಳುವವರಿಲ್ಲದೆ ಪಿಎಚ್ ಮತ್ತೆ ಕುಸಿಯುತ್ತದೆ, ತಡೆ ಬೀಳುತ್ತದೆ. ಕರುಳಿನ ಕಡೆಯಿಂದಲೂ ತಡೆ ಉಂಟು. ಸಣ್ಣಕರುಳಿನ ಮೊದಲ ಭಾಗಕ್ಕೆ ಹುಳಿ ಇಳಿದಾಗ ಸಿಕ್ರಿಟಿನ್, ಕೊಬ್ಬು ಇಳಿದಾಗ ಕೊಲಿಸಿಸ್ಟೊಕೈನಿನ್ ಬಿಡುಗಡೆಯಾಗಿ ಆಮ್ಲವನ್ನೂ ಜಠರ ಬರಿದಾಗುವ ವೇಗವನ್ನೂ ತಗ್ಗಿಸುತ್ತವೆ. ಬಜ್ಜಿ-ಬೋಂಡ ತಿಂದಾಗ ಆಗುವ ಸಂಕಟಕ್ಕೆ ಆಮ್ಲ ಹೆಚ್ಚಾಗುವುದು ಕಾರಣವಲ್ಲ. ಎಣ್ಣೆ ಪದಾರ್ಥ ಜಠರದಲ್ಲೇ ತಂಗುವುದು ಮತ್ತು ಅನ್ನನಾಳದ ಕೆಳಬಾಗಿಲು ಸಡಿಲವಾಗುವುದು ಕಾರಣ.

ಎದೆಯುರಿಯಿಂದ ನರಳುವ ಬಹುತೇಕರಲ್ಲಿ ಆಮ್ಲದ ಉತ್ಪತ್ತಿ ಹೆಚ್ಚೇನೂ ಇರುವುದಿಲ್ಲ. ಇರಬಾರದ ಜಾಗಕ್ಕೆ, ಎಂದರೆ ಅನ್ನನಾಳಕ್ಕೆ, ಅದು ಏರಿಬರುತ್ತದೆ, ಅಷ್ಟೆ. ಆದ್ದರಿಂದ ‘ನಿಮಗೆ ಆ್ಯಸಿಡ್ ಜಾಸ್ತಿ’ ಎಂಬ ಮಾತನ್ನು ಎಲ್ಲರಿಗೂ ಅನ್ವಯಿಸುವುದು ಸರಿಯಲ್ಲ. ಹೊಟ್ಟೆಯುಬ್ಬರ, ಗುಡುಗುಡು, ಗಾಳಿ ಹೋಗುವುದು ಇವುಗಳಿಗಂತೂ ಆಮ್ಲ ತಗ್ಗಿಸುವ ಮಾತ್ರೆಯಿಂದ ಹೆಚ್ಚಿನ ಉಪಯೋಗವಿಲ್ಲ.

ಈಗ ಮಾತ್ರೆಯ ವಿಷಯ. ಪ್ಯಾಂಟೊಪ್ರಜೋಲ್ ಗುಂಪಿನ ಮಾತ್ರೆ ಜಠರದಲ್ಲಿ ಕೆಲಸ ಮಾಡುವುದಾದರೂ ಜಠರದಲ್ಲಿ ಕರಗುವುದಿಲ್ಲ, ಕರಗಲೂಬಾರದು. ಆಮ್ಲ ತಾಗಿದರೆ ಮದ್ದು ಹಾಳಾಗುತ್ತದೆಂದೇ ಅದಕ್ಕೊಂದು ಲೇಪ ಕೊಟ್ಟಿರುತ್ತಾರೆ. ಅದನ್ನು ಪುಡಿ ಮಾಡಿ ನೀರಿಗೆ ಬೆರೆಸಿ ಕೊಡುವುದು, ಅಗಿಯುವುದು ತಪ್ಪು. ಸಣ್ಣಕರುಳಲ್ಲಿ ಕರಗಿ, ರಕ್ತಕ್ಕೆ ಸೇರಿ, ಪರೈಟಲ್ ಕೋಶಕ್ಕೆ ಹೋಗಿ, ಅಲ್ಲಿ ಆಮ್ಲ ಹರಿಯುತ್ತಿರುವ ಕಾಲುವೆಯಲ್ಲಿ ಮಾತ್ರ ಅದು ಶೇಖರವಾಗಿ ತನ್ನ ಪ್ರಬಲ ರೂಪ ತಾಳುತ್ತದೆ. ಆ ರೂಪವೇ ಪಂಪ್‌ಗೆ ಅಂಟಿ ಅದನ್ನು ಶಾಶ್ವತವಾಗಿ ನಿಲ್ಲಿಸುವುದು. ಚೀಲದೊಳಗೆ ಕುಳಿತ ಪಂಪ್‌ಗಳನ್ನು ಅದು ಮುಟ್ಟಲಾರದು. ಸಾಲದ್ದಕ್ಕೆ ರಕ್ತದಲ್ಲಿ ಮದ್ದಿನ ಪ್ರಮಾಣ ಒಂದು, ಒಂದೂವರೆ ಗಂಟೆಗೊಮ್ಮೆ ಅರ್ಧಕ್ಕಿಳಿಯುತ್ತದೆ. ಆ ಕಿರು ಅವಧಿಯಲ್ಲೇ ಪಂಪ್‌ಗಳು ಹೊರಬಂದು ದುಡಿಯುತ್ತಿರಬೇಕು. ಅವನ್ನು ಹೊರಗೆ ಕರೆಯುವುದು ಆಗಲೇ ಹೇಳಿದ ಮೂವರು ದೂತರು. ದೂತರನ್ನು ಕರೆಯುವುದು ಊಟ.

ಆದ್ದರಿಂದ ಪೂರ್ತಿ ಸೂಚನೆ ಹೀಗಿರಬೇಕು: ತಿಂಡಿಗೆ 30ರಿಂದ 60 ನಿಮಿಷ ಮೊದಲು ನೀರಿನೊಂದಿಗೆ ಇಡೀ ಮಾತ್ರೆ ನುಂಗಿ, ಆಮೇಲೆ ತಪ್ಪದೆ ತಿಂಡಿ ತಿನ್ನಿ. ರಾತ್ರಿಯ ಉಪವಾಸದ ನಂತರ ಪಂಪ್‌ಗಳ ಸಂಗ್ರಹ ಹೆಚ್ಚಿರುವುದರಿಂದ ಬೆಳಗಿನ ತಿಂಡಿಯೇ ಒಳ್ಳೆಯ ಹೊತ್ತು. ಆರಕ್ಕೆ ಮಾತ್ರೆ ನುಂಗಿ ಹನ್ನೊಂದಕ್ಕೆ ಉಣ್ಣುವ ಕೂಲಿಕಾರರಿಗೆ, ಏಕಾದಶಿಯ ಉಪವಾಸಕ್ಕೆಂದು ಮಾತ್ರೆಯೊಂದನ್ನೇ ನುಂಗಿ ಕೂತವರಿಗೆ ಅದರ ಗುಣ ಪೂರ್ತಿ ಸಿಗದು. ಊಟವಾದ ಮೇಲೆ ನೆನಪಾಗಿ ನುಂಗುವವರದೂ ಇದೇ ಕಥೆ, ಮದ್ದು ರಕ್ತಕ್ಕೆ ಬರುವಷ್ಟರಲ್ಲಿ ಪಂಪ್‌ಗಳು ಕೆಲಸ ಮುಗಿಸಿ ಒಳಸೇರಿರುತ್ತವೆ. ಮೊದಲ ದಿನವೇ ಗುಣ ಕಾಣಲಿಲ್ಲವೆಂದು ಎರಡು ಮಾತ್ರೆ ನುಂಗುವುದೂ ಬೇಡ. ಒಂದು ಸಲಕ್ಕೆ ಎಲ್ಲ ಪಂಪ್‌ಗಳೂ ಸಿಗುವುದಿಲ್ಲ, ದಿನದಿನವೂ ಹೊಸ ಪಂಪ್‌ಗಳು ಹುಟ್ಟುತ್ತಿರುತ್ತವೆ. ಮದ್ದಿನ ಪೂರ್ಣ ಪರಿಣಾಮ ನೆಲೆಗೊಳ್ಳಲು ಮೂರರಿಂದ ಐದು ದಿನ ಬೇಕು. ಉರಿ ಬಂದಾಗ ಒಂದು, ಇಲ್ಲದಾಗ ಇಲ್ಲ ಎಂಬಂತೆ ನುಂಗುವುದಕ್ಕೆ ಇದು ತಕ್ಕ ಮಾತ್ರೆಯಲ್ಲ. ಆ ಗಳಿಗೆಯ ಉರಿಗೆ ಆಮ್ಲ ಶಮನಗೊಳಿಸುವ ಸಿರಪ್ ಬೇಗ ನಾಟುತ್ತದೆ, ಎಚ್2 ತಡೆಯುವ ಫ್ಯಾಮೊಟಿಡಿನ್ ಅದಕ್ಕಿಂತ ತುಸು ನಿಧಾನ. ರಾತ್ರಿಯ ಆಮ್ಲ ಹೆಚ್ಚಾಗಿ ಹಿಸ್ಟಮಿನ್ ಕೈಯಲ್ಲಿರುವುದರಿಂದ ಮಲಗುವ ಮುನ್ನ ಫ್ಯಾಮೊಟಿಡಿನ್ ಒಳ್ಳೆಯ ಕೆಲಸ ಮಾಡುತ್ತದೆ. ಆದರೆ ದಿನವೂ ನುಂಗಿದರೆ ಎರಡೇ ವಾರದಲ್ಲಿ ದೇಹ ಒಗ್ಗಿಕೊಂಡು ಅದರ ಬಲ ಕುಂದುತ್ತದೆ.

ಮಾತ್ರೆ ಬಿಡುವಾಗಿನ ತೊಡಕು ಇನ್ನೂ ಗಂಭೀರ. ಪಂಪ್ ನಿಂತು ಜಠರದ ಹುಳಿ ತಗ್ಗಿದಾಗ ಡಿ ಕೋಶಗಳಿಗೆ ಅಳೆಯಲು ಹುಳಿಯೇ ಇಲ್ಲ. ಸೊಮ್ಯಾಟೊಸ್ಟ್ಯಾಟಿನ್‌ನ ತಡೆ ಇಲ್ಲದೆ ಗ್ಯಾಸ್ಟ್ರಿನ್ ಎರಡರಿಂದ ನಾಲ್ಕು ಪಟ್ಟು ಏರುತ್ತದೆ. ಗ್ಯಾಸ್ಟ್ರಿನ್ ಬರೀ ಕರೆಯುವ ದೂತನಲ್ಲ, ಇಸಿಎಲ್ ಕೋಶಗಳನ್ನು ಬೆಳೆಸುವ ಗೊಬ್ಬರವೂ ಹೌದು. ತಿಂಗಳುಗಳ ಕಾಲ ಹೀಗೆ ಬೆಳೆದ ಕೋಶಗಳಲ್ಲಿ ಹಿಸ್ಟಮಿನ್ ತುಂಬಿಕೊಂಡಿರುತ್ತದೆ. ಪಂಪ್ ನಿಂತಿರುವತನಕ ಅದರ ಬಿಸಿ ತಟ್ಟುವುದಿಲ್ಲ. ಮಾತ್ರೆ ಬಿಟ್ಟೊಡನೆ ಹೊಸ ಪಂಪ್‌ಗಳು ಹುಟ್ಟುತ್ತವೆ, ಅವನ್ನು ಕರೆಯಲು ಮೊದಲಿಗಿಂತ ದೊಡ್ಡ ಹಿಸ್ಟಮಿನ್ ದಂಡು ಕಾದಿರುತ್ತದೆ. ಆಮ್ಲ ಮೊದಲಿದ್ದುದಕ್ಕಿಂತ ಹೆಚ್ಚು ಸುರಿಯುತ್ತದೆ. ಡೆನ್ಮಾರ್ಕಿನಲ್ಲಿ ಯಾವ ಜಠರ ತೊಂದರೆಯೂ ಇಲ್ಲದ 120 ಮಂದಿ ಆರೋಗ್ಯವಂತರ ಮೇಲೆ ಇದನ್ನು ಪರೀಕ್ಷಿಸಿ 2009ರಲ್ಲಿ ಪ್ರಕಟಿಸಿದರು. ಅರ್ಧದಷ್ಟು ಮಂದಿಗೆ 8 ವಾರ ದಿನವೂ 40 ಮಿಲಿಗ್ರಾಂ ಎಸೊಮೆಪ್ರಜೋಲ್, ಆಮೇಲೆ 4 ವಾರ ಮದ್ದಿಲ್ಲದ ಸಕ್ಕರೆಮಾತ್ರೆ. ಉಳಿದವರಿಗೆ 12 ವಾರವೂ ಸಕ್ಕರೆಮಾತ್ರೆ. ಕೊನೆಯ 4 ವಾರಗಳಲ್ಲಿ ಎದೆಯುರಿ, ಹುಳಿತೇಗಿನಂಥ ತೊಂದರೆ ಹೇಳಿಕೊಂಡವರು ಮೊದಲ ಗುಂಪಿನಲ್ಲಿ ಶೇ 44, ಎರಡನೆಯದರಲ್ಲಿ ಶೇ 15. ಎದೆಯುರಿಯೇ ಇಲ್ಲದಿದ್ದವರಿಗೆ ಮಾತ್ರೆ ಬಿಟ್ಟಿದ್ದೇ ಎದೆಯುರಿ ತಂದಿತು.

ಇದನ್ನು ಅರಿಯದವರು ಮೂರನೆಯ ದಿನ ‘ರೋಗ ಹೋಗಿಲ್ಲ’ ಎಂದುಕೊಂಡು ಮತ್ತೆ ಮಾತ್ರೆ ಹಿಡಿಯುತ್ತಾರೆ. ಮರುಕಳಿಸಿದ ಈ ಉರಿ ಕೆಲವರಲ್ಲಿ ಎರಡು ತಿಂಗಳವರೆಗೂ ಇದ್ದು ಆಮೇಲೆ ತಾನಾಗಿ ಇಳಿಯುತ್ತದೆ. ವೈದ್ಯರ ಸಲಹೆಯಂತೆ 40 ಮಿಲಿಗ್ರಾಂನಿಂದ 20ಕ್ಕೆ, ಆಮೇಲೆ ದಿನ ಬಿಟ್ಟು ದಿನಕ್ಕೆ ಇಳಿಸುತ್ತ ಬಿಡಬಹುದು, ಒಮ್ಮೆಲೇ ಬಿಡಲೂಬಹುದು. ಯಾವ ದಾರಿ ಹಿಡಿದರೂ ನಡುವೆ ಉರಿ ಬಂದಾಗ ಸಿರಪ್ ಅಥವಾ ಫ್ಯಾಮೊಟಿಡಿನ್ ಕೈಗೆಟುಕುವಂತಿರಲಿ, ಇದು ಬರುವಂಥದ್ದೇ ಎಂದು ಮೊದಲೇ ಗೊತ್ತಿರಲಿ. ಆದರೆ ಈ ಪತ್ರ ಓದಿ ಎಲ್ಲರೂ ಮಾತ್ರೆ ಬಿಡುವುದು ಖಂಡಿತ ಬೇಡ. ಅನ್ನನಾಳ ತೀವ್ರವಾಗಿ ಹುಣ್ಣಾದವರು, ಬ್ಯಾರೆಟ್ ಅನ್ನನಾಳ (ಆಮ್ಲ ತಾಗಿ ತಾಗಿ ಅನ್ನನಾಳದ ಒಳಪೊರೆ ಬದಲಾಗಿರುವ ಸ್ಥಿತಿ) ಇರುವವರು, ಹಿಂದೆ ಹುಣ್ಣಿನಿಂದ ರಕ್ತಸ್ರಾವವಾಗಿದ್ದು ಈಗ ಆಸ್ಪಿರಿನ್ ಅಥವಾ ನೋವಿನ ಮಾತ್ರೆ ನುಂಗುತ್ತಿರುವವರು, ಗ್ಯಾಸ್ಟ್ರಿನ್ ಸುರಿಸುವ ಗಡ್ಡೆ ಇರುವವರು ಇದನ್ನು ಬಿಡಕೂಡದು.

ನೋವಿನ ಮಾತ್ರೆಯ ಮಾತು ಬಂದದ್ದರಿಂದ ಇನ್ನೊಂದು ದೂತವನ್ನು ಹೆಸರಿಸಲೇಬೇಕು. ಪ್ರೊಸ್ಟಾಗ್ಲಾಂಡಿನ್ ಜಠರದ ಒಳಪೊರೆಯಲ್ಲೇ ಹುಟ್ಟಿ ಆಮ್ಲವನ್ನು ತಗ್ಗಿಸುತ್ತದೆ, ಲೋಳೆಯನ್ನೂ ಬೈಕಾರ್ಬೊನೇಟನ್ನೂ ಹೆಚ್ಚಿಸುತ್ತದೆ. ಡೈಕ್ಲೊಫಿನಾಕ್, ಐಬುಪ್ರೊಫೆನ್, ಆಸ್ಪಿರಿನ್ ನೋವು ತಗ್ಗಿಸುವುದು ಪ್ರೊಸ್ಟಾಗ್ಲಾಂಡಿನ್ ಹುಟ್ಟದಂತೆ ತಡೆದೇ. ಮಂಡಿಯ ನೋವಿಗೆ ನುಂಗಿದ್ದು ಹೊಟ್ಟೆಯ ಕಾವಲನ್ನೂ ಕೀಳುತ್ತದೆ. ಇಂಜೆಕ್ಷನ್ ರೂಪದಲ್ಲಿ ಕೊಟ್ಟರೂ ಈ ಅಪಾಯ ತಪ್ಪದು, ಏಕೆಂದರೆ ತಡೆ ಆಗುವುದು ರಕ್ತದ ಮೂಲಕ.

ಮನೆಮದ್ದುಗಳ ಬಗ್ಗೆ ಎರಡು ಮಾತು. ಉರಿ ಬಂದಾಗ ತಣ್ಣನೆಯ ಹಾಲು ಕುಡಿದರೆ ಕೆಲ ನಿಮಿಷ ಹಾಯೆನಿಸುವುದು ನಿಜ, ಹಾಲು ಆಮ್ಲವನ್ನು ಹೀರುತ್ತದೆ. ಆದರೆ ಹಾಲಿನ ಪ್ರೋಟೀನು ಮತ್ತು ಕ್ಯಾಲ್ಸಿಯಂ ಎರಡೂ ಗ್ಯಾಸ್ಟ್ರಿನ್ ಅನ್ನು ಎಬ್ಬಿಸುವಂಥವು, ತುಸು ಹೊತ್ತಿಗೆ ಆಮ್ಲ ಮತ್ತೆ ಏರುತ್ತದೆ. ಹುಣ್ಣಿಗೆ ಗಂಟೆಗೊಮ್ಮೆ ಹಾಲು ಕುಡಿಸುವ ಹಳೆಯ ಪಥ್ಯ ಈಗಿಲ್ಲ. ಕಾಫಿ ಆಮ್ಲ ಹೆಚ್ಚಿಸುತ್ತದೆ, ಕೆಫೀನ್ ತೆಗೆದ ಕಾಫಿಯೂ ಅಷ್ಟೆ. ಮೆಣಸಿನಕಾಯಿಯ ಮೇಲೆ ಮಾತ್ರ ಸುಮ್ಮನೆ ಅಪವಾದ. ಅದರ ಖಾರದ ವಸ್ತುವಾದ ಕ್ಯಾಪ್ಸೈಸಿನ್ ಆಮ್ಲ ಹೆಚ್ಚಿಸುವುದಿಲ್ಲ, ಆದರೆ ಅನ್ನನಾಳ ಮೊದಲೇ ಕೆರಳಿದ್ದರೆ ಉರಿಯ ಅನುಭವವನ್ನು ಹೆಚ್ಚಿಸುತ್ತದೆ.

ಹೆಲಿಕೊಬ್ಯಾಕ್ಟರ್ ಪೈಲೋರಿ ಬ್ಯಾಕ್ಟೀರಿಯಾ ಕೂಡ ಈ ದೂತರ ಲೆಕ್ಕವನ್ನೇ ಕೆಡಿಸುತ್ತದೆ. ಆಂಟ್ರಮ್‌ನಲ್ಲಿ ನೆಲೆಸಿ ಸೊಮ್ಯಾಟೊಸ್ಟ್ಯಾಟಿನ್ ತಗ್ಗಿಸಿ ಗ್ಯಾಸ್ಟ್ರಿನ್ ಏರಿಸುವುದರಿಂದ ಸಣ್ಣಕರುಳಿನ ಮೊದಲ ಭಾಗವಾದ ಡಿಯೊಡಿನಮ್‌ನಲ್ಲಿ ಹುಣ್ಣಾಗುತ್ತದೆ. ಇದನ್ನು ಪತ್ತೆ ಹಚ್ಚುವ ಉಸಿರಿನ ಪರೀಕ್ಷೆ, ಮಲ ಪರೀಕ್ಷೆಗೆ ಹೋಗುವವರು ವೈದ್ಯರನ್ನು ಕೇಳಿ 2 ವಾರ ಮೊದಲೇ ಪ್ಯಾಂಟೊಪ್ರಜೋಲ್ ಗುಂಪಿನ ಮಾತ್ರೆ ನಿಲ್ಲಿಸಬೇಕು, ಆ್ಯಂಟಿಬಯೋಟಿಕ್ ಆಗಿದ್ದರೆ 4 ವಾರ. ಇಲ್ಲವಾದರೆ ಸೋಂಕು ಇದ್ದೂ ‘ಇಲ್ಲ’ ಎಂಬ ವರದಿ ಬರಬಹುದು. ಗ್ಯಾಸ್ಟ್ರಿನ್ ಪರೀಕ್ಷೆಯೂ ಈ ಮಾತ್ರೆಯ ಮೇಲಿದ್ದಾಗ ಸುಳ್ಳಾಗಿ ಏರಿರುತ್ತದೆ. ಆದರೆ ಗಡ್ಡೆಯ ಅನುಮಾನ ಇದ್ದವರು ಆ ಪರೀಕ್ಷೆಗೆಂದು ತಾವಾಗಿ ಮಾತ್ರೆ ನಿಲ್ಲಿಸಬಾರದು.

ವರ್ಷಗಟ್ಟಲೆ ಮಾತ್ರೆ ಬೇಕೇ ಆದವರು ಗಮನಿಸಬೇಕಾದ್ದು: ಆಹಾರದ ಪ್ರೋಟೀನಿಗೆ ಅಂಟಿದ ಬಿ12 ಬಿಡಿಸಿಕೊಳ್ಳಲು ಆಮ್ಲ ಬೇಕು. ಹಾಲು-ಮೊಸರಿನಿಂದಷ್ಟೇ ಬಿ12 ಪಡೆಯುವ ಸಸ್ಯಾಹಾರಿಗಳಿಗೆ ಇದು ಎರಡನೆಯ ಪೆಟ್ಟು. ಬಿ12 ಮಾತ್ರೆ ಹೀರಲು ಆಮ್ಲ ಬೇಡವಾದ್ದರಿಂದ ಅದು ಕೆಲಸಕ್ಕೆ ಬರುತ್ತದೆ. ರಾಗಿ, ಸೊಪ್ಪಿನ ಕಬ್ಬಿಣವೂ ಆಮ್ಲವಿಲ್ಲದೆ ಸರಿಯಾಗಿ ಹೀರಲ್ಪಡದು. ಕ್ಯಾಲ್ಸಿಯಂ ಕಾರ್ಬೊನೇಟ್ ಬದಲು ಸಿಟ್ರೇಟ್ ಕೇಳಿ ಪಡೆಯಬಹುದು. ಥೈರಾಯ್ಡ್ ಮಾತ್ರೆ ನುಂಗುವವರು ಥೈರಾಯ್ಡ್‌ನ ರಕ್ತಪರೀಕ್ಷೆ ಟಿಎಸ್ಎಚ್ ಮತ್ತೆ ನೋಡಿಸಿಕೊಳ್ಳಬೇಕು, ಅದರ ಮತ್ತು ಆಮ್ಲ ಶಾಮಕ ಸಿರಪ್‌ನ ನಡುವೆ 4 ಗಂಟೆ ಬಿಡಬೇಕು. ಕಾಲು ಸೆಡೆತ, ಎದೆಬಡಿತ ಕಂಡರೆ ಮೆಗ್ನೀಸಿಯಂ ನೋಡಿಸಬೇಕು. ಹೃದಯದ ಸ್ಟೆಂಟ್ ಹಾಕಿಸಿಕೊಂಡು ರಕ್ತ ಹೆಪ್ಪುಗಟ್ಟದಂತೆ ತಡೆಯುವ ಕ್ಲೊಪಿಡೊಗ್ರೆಲ್ ನುಂಗುವವರಿಗೆ ಒಮೆಪ್ರಜೋಲ್, ಎಸೊಮೆಪ್ರಜೋಲ್ ಬೇಡ, ಪ್ಯಾಂಟೊಪ್ರಜೋಲ್ ಆಗಬಹುದೇ ಎಂದು ವೈದ್ಯರನ್ನು ಕೇಳಬೇಕು.

ಇಷ್ಟು ಹೇಳಿದ ಮೇಲೆ ಹೇಳದೆ ಬಿಡಲಾಗದ್ದು ಒಂದಿದೆ. ನಡೆಯುವಾಗ, ಮೆಟ್ಟಿಲು ಹತ್ತುವಾಗ ಬರುವ ಎದೆ ಬಿಗಿತ, ತಣ್ಣನೆ ಬೆವರು, ತೋಳಿಗೆ ಅಥವಾ ದವಡೆಗೆ ಹರಿಯುವ ನೋವು ಗ್ಯಾಸ್ ಅಲ್ಲ, ಹೃದಯದ್ದಿರಬಹುದು. ಮಾತ್ರೆ ನುಂಗಿ ಕಾಯುತ್ತ ಕೂರದೆ ತಕ್ಷಣ ಆಸ್ಪತ್ರೆಗೆ ಹೋಗಬೇಕು. ಕಪ್ಪು ಟಾರಿನಂಥ ಮಲ, ರಕ್ತವಾಂತಿ, ನುಂಗಲು ಕಷ್ಟ, ಕಾರಣವಿಲ್ಲದೆ ತೂಕ ಇಳಿಯುವುದು, ರಕ್ತಹೀನತೆ ಇದ್ದರೂ ಮೊದಲು ಎಂಡೋಸ್ಕೊಪಿ, ಮಾತ್ರೆ ಆಮೇಲೆ.

ನಮ್ಮ ಬೇಡಿಕೆ ಸಣ್ಣದು. ಆರೋಗ್ಯ ಅಂಕಣದಲ್ಲಿ ಈ ಮಾತ್ರೆಗಳ ಹೆಸರು ಬಂದಾಗಲೆಲ್ಲ ‘ತಿಂಡಿಗೆ ಅರ್ಧ ಗಂಟೆ ಮೊದಲು, ಆಮೇಲೆ ತಿಂಡಿ ಕಡ್ಡಾಯ; ಎಷ್ಟು ವಾರ ಎಂದು ವೈದ್ಯರನ್ನು ಕೇಳಿ; ಬಿಟ್ಟಾಗ ಕೆಲವು ವಾರ ಉರಿ ಬರಬಹುದು’ ಎಂಬ ಮೂರು ವಾಕ್ಯಗಳನ್ನು ಜೊತೆಗೆ ಅಚ್ಚು ಹಾಕಿ. ಮಾತ್ರೆಯ ಕವರಿನ ಮೇಲೆ ಬೆಳಿಗ್ಗೆ, ರಾತ್ರಿ ಎಂದು ಗೀಟು ಹಾಕಿಕೊಡುವ ಮೆಡಿಕಲ್ ಶಾಪ್‌ನವರು ಅದರ ಪಕ್ಕದಲ್ಲೇ ನಿಲ್ಲಿಸುವ ತಾರೀಕನ್ನೂ ಬರೆದುಕೊಡಲಿ.

— ಶರೀರಕ್ರಿಯಾ ವಿಜ್ಞಾನ ಮತ್ತು ಔಷಧ ವಿಜ್ಞಾನದ ಬೋಧಕರು, ಮೈಸೂರು